ಗಾಳಿ ಬಾರದ ಕೋಣೆ

ಈ ಬೇಸಿಗೆಯ ಕೊನೆಗೆ ಕಾರವಾರದ ನಮ್ಮ ಮನೆಯ ಪಡುವಣ ಕಿಟಕಿಗೆ ಹೊಸ ಚೌಕಟ್ಟು ಕೂರಿಸಿದೆವು. ಕೆಲಸಕ್ಕೆ ಬಂದಾತ ಚೌಕಟ್ಟಿಗೂ ಗೋಡೆಗೂ ನಡುವೆ ಉಳಿದ ಸಂದಿಯಲ್ಲಿ ಡಬ್ಬಿಯ ನಳಿಕೆ ಇಟ್ಟು ಒತ್ತಿದ. ಬುಸ್ಸೆಂದು ಹಳದಿ ನೊರೆ ಹೊರಟು, ನೋಡುತ್ತಿದ್ದಂತೆ ಉಬ್ಬತೊಡಗಿತು. ಆಮೇಲೆ ಗಾಜಿನ ಅಂಚಿಗೆ ಸಿಲಿಕಾನ್ ಅಂಟು ಎಳೆದ. ಉಪ್ಪಿನಕಾಯಿ ಭರಣಿಯ ಬಾಯಿ ಬಿಚ್ಚಿದ ಹಾಗೆ ಒಂದು ಹುಳಿ ವಾಸನೆ ಕೋಣೆ ತುಂಬ ಹರಡಿತು. ಅವನಿಗೆಂದು ತಂದಿದ್ದ ಚಹಾದ ಲೋಟವನ್ನು ಚೆಲ್ಲುವಂತೆ ನೆಲಕ್ಕೆ ಕುಕ್ಕಿದೆ. ಬಿಸಿ ಇತ್ತಾ ಮೇಡಂ ಎಂದು ಆತ ಕೇಳಿದ. ಹೌದು ಎಂದೆ.

ಆ ವಾಸನೆ ನನ್ನ ಪಾಲಿಗೆ ಒಬ್ಬರದು. ಅವರನ್ನು ನಾವು ಕಾಕಾ ಎಂದು ಕರೆಯುತ್ತಿದ್ದೆವು. ರಕ್ತಸಂಬಂಧವೇನೂ ಇರಲಿಲ್ಲ, ನೆರೆಮನೆಯವರು. ಚೆಂಡಿಯಾ ಕಡೆಯ ನಮ್ಮ ಜಾಗ ನೌಕಾನೆಲೆಗೆ ಹೋದಾಗ ಎರಡೂ ಮನೆಯವರು ಒಟ್ಟಿಗೇ ಗಂಟುಮೂಟೆ ಕಟ್ಟಿ ಅಂಕೋಲಾ ತಾಲೂಕಿನ ಒಂದು ಕಾಲನಿಗೆ ಬಂದಿದ್ದೆವು. ಅಲ್ಲಿಯೂ ಪಕ್ಕಪಕ್ಕದ ಜಾಗವನ್ನೇ ಕೇಳಿ ತೆಗೆದುಕೊಂಡು ಮನೆ ಕಟ್ಟಿಕೊಂಡಿದ್ದೆವು. ನಾನಾಗ ಕಾರವಾರದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಮುಂದೆ ಬಿ.ಎಡ್. ಮಾಡುತ್ತೇನೆ ಎಂದು ಒಮ್ಮೆ ಬಾಯಿ ತಪ್ಪಿ ಹೇಳಿದ್ದೇ ತಡ, ಕಾಕಾ ನನ್ನನ್ನು ‘ಅಕ್ಕೋರೆ’ ಎಂದೇ ಕರೆಯತೊಡಗಿದರು. ನಮ್ಮ ಕಡೆ ಸಾಲೆಯ ಟೀಚರಮ್ಮನನ್ನು ಕರೆಯುವುದು ಹಾಗೆ.

ಹಳೆಯ ಊರಿನಲ್ಲಿ ಮಳೆ ಹಿಡಿಯುವ ಮುಂಚೆ ಮನೆಯ ಪಡುವಣ ಬದಿಗೆ ತೆಂಗಿನ ಮಡಲು ಹೆಣೆದ ತಟ್ಟಿ ಕಟ್ಟುತ್ತಿದ್ದರು. ಕಾಕಾ ಕಟ್ಟಿದ ತಟ್ಟಿ ಎಂದರೆ ಕೇರಿಗೆಲ್ಲ ಮಾದರಿ. ಮಳೆ ಎಷ್ಟೇ ಅಡ್ಡಡ್ಡ ಹೊಡೆದರೂ ಒಂದು ಹನಿ ಜಗಲಿಗೆ ಬೀಳುತ್ತಿರಲಿಲ್ಲ. ನೀರು ಮಾತ್ರ ನಿಲ್ಲುತ್ತಿತ್ತು, ಗಾಳಿ ನಿಲ್ಲುತ್ತಿರಲಿಲ್ಲ. ಹೆಣಿಗೆಯ ನಡುವೆ ಸುಯ್ಯೆನ್ನುತ್ತ ಒಳಗೆ ಬಂದು, ಹಂಚಿನ ಕೆಳಗೆ ಸುತ್ತಾಡಿ, ಎಲ್ಲಿಂದಲೋ ಹೊರಗೆ ಹೋಗುತ್ತಿತ್ತು. ಆ ಮನೆಗಳು ರಂಧ್ರಗಳಿಂದಲೇ ಕಟ್ಟಿದಂಥವು. ಬಚ್ಚಲಿನಲ್ಲಿ ಬೆಂಕಿ ಹಾಕಿದರೆ ಹಂಚಿನ ಸಂದಿಗಳಿಂದೆಲ್ಲ ಹೊಗೆ ಏಳುವುದು ದೂರಕ್ಕೆ ಕಾಣುತ್ತಿತ್ತು.

ಕಾಲನಿಯಲ್ಲಿ ಮಡಲು ತರೋಣವೆಂದರೆ ಒಂದು ತೆಂಗಿನ ಮರ ಇರಲಿಲ್ಲ. ಬೋಳು ದಿಣ್ಣೆ. ಮಳೆಗಾಲದೊಳಗೆ ಒಳಗೆ ಸೇರಬೇಕೆಂಬ ಗಡಿಬಿಡಿಯಲ್ಲಿ ಎಲ್ಲರೂ ಸ್ಲ್ಯಾಬ್ ಹಾಕಿ ಮನೆ ಎಬ್ಬಿಸಿದ್ದೆವು. ಮೊದಲ ವರ್ಷವೇ ಕಿಟಕಿ ಚೌಕಟ್ಟಿನ ಬದಿಯಿಂದ ನೀರು ಇಳಿದು ಹಾಸಿಗೆ ಒದ್ದೆಯಾಯಿತು. ಸಮುದ್ರದ ಕಡೆಯಿಂದ ಬೀಸುವ ಗಾಳಿ ಬಾಗಿಲುಗಳನ್ನು ದಬದಬ ಬಡಿಯುತ್ತಿತ್ತು. ಆಗ ನಮ್ಮನ್ನು ಕಾಪಾಡಿದ್ದು ಕಾಕಾ.

ಅವರು ಕಾರವಾರದ ಒಬ್ಬ ಗುತ್ತಿಗೆದಾರರ ಹತ್ತಿರ ಅಲ್ಯುಮಿನಿಯಂ ಕಿಟಕಿ ಕೂರಿಸುವ ಕೆಲಸಕ್ಕೆ ಹೋಗುತ್ತಿದ್ದರು. ಲಾಡ್ಜು, ಫ್ಲ್ಯಾಟುಗಳ ಕೆಲಸ. ನೊರೆಯ ಡಬ್ಬಿ ಒಮ್ಮೆ ಬಿಚ್ಚಿದರೆ ಬಹಳ ದಿನ ಇಡಲು ಬರುವುದಿಲ್ಲವಂತೆ. ಉಳಿದದ್ದನ್ನು ಯಜಮಾನರನ್ನು ಕೇಳಿಯೇ ಸಂಜೆ ಬಸ್ಸಿನಲ್ಲಿ ತರುತ್ತಿದ್ದರು. ಕಾಲನಿಯಲ್ಲಿ ಯಾರ ಮನೆ ಸೋರುತ್ತದೋ ಅವರ ಮನೆಗೆ ಕೈಕಾಲು ತೊಳೆಯುವ ಮುಂಚೆಯೇ ಹೋಗುವರು. ಮೊದಲು ಹಳೆಯ ಬ್ರಶ್ಶಿನಿಂದ ಸಂದಿಯ ಧೂಳು ತೆಗೆಯುವುದು, ನೀರು ಚಿಮುಕಿಸುವುದು, ಡಬ್ಬಿಯನ್ನು ಕುಲುಕಿ ತಲೆಕೆಳಗಾಗಿ ಹಿಡಿಯುವುದು. ನಾನು ನೋಡುತ್ತ ನಿಂತರೆ ಅವರಿಗೆ ಹುರುಪು.

“ನೋಡಿ ಅಕ್ಕೋರೆ, ಇದೂ ಒಂದು ಪಾಠವೇ. ಒಣ ಸಂದಿಗೆ ಇದು ಹಿಡಿಯೂದಿಲ್ಲ. ಅರ್ಧ ಮಾತ್ರ ತುಂಬ್ಬೇಕು. ಉಳಿದ ಅರ್ಧ ಅದೇ ತುಂಬ್ಕಣ್ತದೆ. ಆಸೆಪಟ್ಟು ಪೂರಾ ತುಂಬಿದ್ರೆ ಚೌಕಟ್ಟನ್ನೇ ದೂಡಿಬಿಡ್ತದೆ.”

ಮರುದಿನ ಗಟ್ಟಿಯಾದ ನೊರೆಯನ್ನು ಚಾಕುವಿನಿಂದ ಗೋಡೆಯ ಮಟ್ಟಕ್ಕೆ ಸವರಿ, ಮೇಲೆ ಸಿಲಿಕಾನ್ ಎಳೆದು, ಸಾಬೂನಿನ ನೀರಿನಲ್ಲಿ ಬೆರಳು ಅದ್ದಿ ಒಂದೇ ಸಲಕ್ಕೆ ನಯವಾಗಿ ತೀಡುತ್ತಿದ್ದರು. ಕೂಲಿಯೆಂದು ಚಹಾ ಬಿಟ್ಟು ಏನನ್ನೂ ಮುಟ್ಟುತ್ತಿರಲಿಲ್ಲ. ಕೈಗೆ ಹತ್ತಿದ ನೊರೆ ವಾರವಾದರೂ ಬಿಡದೆ, ಬೆರಳ ಸಂದಿಗಳಲ್ಲಿ ಕಂದು ಹಕ್ಕಳೆಗಳಂತೆ ಇರುತ್ತಿತ್ತು. ಊಟಕ್ಕೆ ಕೂತಾಗ ಅದನ್ನು ನೋಡಿ ಅವರ ಹೆಂಡತಿ, ನಮ್ಮ ಕಾಕಿ, ರೇಗುತ್ತಿದ್ದರು.

“ಮನೇಲಿ ಒಂದು ಸಂದಿ ಉಳೀಲಿಲ್ಲ. ನನ್ನ ಬಾಯಿ ಒಂದು ಉಳಿದದೆ. ಅದಕ್ಕೂ ಹೊಡ್ದುಬಿಡಿ.”

“ಅದಕ್ಕೆ ಡಬ್ಬಿ ಸಾಕಾಗೂದಿಲ್ಲ ಮಾರಾಯ್ತಿ. ಲಾರಿ ತರಿಸ್ಬೇಕು.”

ದಾರಿಯಲ್ಲಿ ಹೋಗುವವರೂ ಬಿಡುತ್ತಿರಲಿಲ್ಲ. “ಕಾಕಾ, ನಿಮ್ಮನೆ ಒಳಗೆ ಇರುವೆ ಬರೂಕೂ ಈಗ ಗೇಟ್ ಪಾಸ್ ಬೇಕಂತಲ, ಹೌದನಾ?” ನಾವು ಹುಟ್ಟಿದ ಜಾಗಕ್ಕೆ ಈಗ ನಮಗೇ ಪಾಸ್ ಬೇಕಾಗಿದ್ದ ಕಾಲ ಅದು. ಎಲ್ಲರೂ ನಗುತ್ತಿದ್ದೆವು. ಕಾಕಾ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಒಂದು ಮನೆಯನ್ನು ಕಳೆದುಕೊಂಡ ಮನುಷ್ಯ ಇನ್ನೊಂದನ್ನು ಎಲ್ಲ ಬದಿಯಿಂದ ಭದ್ರ ಮಾಡಿಕೊಳ್ಳುತ್ತಿದ್ದಾನೆ ಎಂದು ಈಗ ಅನ್ನಿಸುತ್ತದೆ. ಆಗ ಹಾಗೆಲ್ಲ ಯೋಚಿಸುವ ವಯಸ್ಸಲ್ಲ...

ಅವರಿಗೆ ಒಬ್ಬಳೇ ಮಗಳು. ನನ್ನ ವಾರಿಗೆಯವಳು, ಚೆಂಡಿಯಾದ ಸಾಲೆಯಲ್ಲಿ ನನ್ನ ಪಕ್ಕ ಕೂತವಳು. ಬೇಲೆಕೇರಿಗೆ ಮದುವೆ ಮಾಡಿಕೊಟ್ಟಿದ್ದರು. ಆ ವರ್ಷದ ಮಳೆಗಾಲದಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆರಿಗೆ ಅಂಕೋಲೆಯ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು. ಹೆಣ್ಣು ಕೂಸು.

ಅವಳು ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಕಾಕಾ ಮೂಲೆಯ ಚಿಕ್ಕ ಕೋಣೆಯನ್ನು ತಯಾರು ಮಾಡಿ ಇಟ್ಟಿದ್ದರು. ಬಾಣಂತಿಗೆ ಥಂಡಿ ತಾಗಬಾರದು, ಗಾಳಿ ತಾಗಬಾರದು. ಇದು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಬಿಸಿಬಿಸಿ ನೀರಿನ ಸ್ನಾನ. ಸ್ನಾನವಾದ ಮೇಲೆ ಮಂಚದ ಕೆಳಗೆ ಶೇಗಡಿ. ಮಣ್ಣಿನ ಆ ಒಲೆಯಲ್ಲಿ ತೆಂಗಿನ ಗೆರಟೆಯ ಕೆಂಡ ತುಂಬಿ, ಓಮಿನ ಕಾಳು, ಲೋಬಾನ ಉದುರಿಸಿ, ಬಾಗಿಲು ಹಾಕಿ ಬೆಚ್ಚಗೆ ಮಲಗಿಸುವುದು. ನಮ್ಮ ಅಜ್ಜಿಯಂದಿರೂ ಹಾಗೆ ಮಲಗಿದವರು, ತಾಯಂದಿರೂ ಹಾಗೆ ಮಲಗಿದವರು. ಏನೂ ಆಗಿರಲಿಲ್ಲ. ಅವರ ತಲೆಯ ಮೇಲೆ ಹಂಚು ಇತ್ತು.

ಕಾಕಾ ಆ ಕೋಣೆಯ ಕಿಟಕಿಯ ಬಾಗಿಲುಗಳನ್ನು ಮಳೆಗಾಲ ಮುಗಿಯುವವರೆಗೆ ತೆರೆಯುವುದೇ ಬೇಡವೆಂದು ಸುತ್ತಲೂ ಸಿಲಿಕಾನ್ ಎಳೆದು ಮುಚ್ಚಿದ್ದರು. ಮೇಲಿನ ಗವಾಕ್ಷಿಗೆ ಹಲಗೆ ಕೊಟ್ಟು ಅಂಚಿಗೆ ನೊರೆ ತುಂಬಿದ್ದರು. ಬಾಗಿಲಿನ ಅಡಿಗೆ, ಬದಿಗೆ ರಬ್ಬರಿನ ಪಟ್ಟಿ. ಕೆಲಸ ಮುಗಿದ ಸಂಜೆ ನಮ್ಮನ್ನೆಲ್ಲ ಕರೆದು, ಒಂದು ಊದುಬತ್ತಿ ಹಚ್ಚಿ ಗೋಡೆಯ ಉದ್ದಕ್ಕೂ ಹಿಡಿದು ತೋರಿಸಿದರು. ಹೊಗೆ ಎಲ್ಲಿಯೂ ಓಲಾಡದೆ ನೆಟ್ಟಗೆ ಮೇಲಕ್ಕೆ ಹೋಯಿತು.

“ಹೆಂಗೆ?” ಎಂದರು.

“ಚಲೋ ಆಗದೆ ಕಾಕಾ,” ಎಂದೆವು.

ಮನೆಗೆ ಬಂದ ಕೆಲವು ದಿನಗಳಲ್ಲೇ ಅವಳಿಗೆ ತಲೆನೋವು ಶುರುವಾಯಿತು. ಸ್ನಾನ ಮಾಡಿ ಮಲಗಿ ಎದ್ದ ಮೇಲೆ ತಲೆ ವಜ್ಜೆಯಾಗುತ್ತದೆ, ಹೊಟ್ಟೆ ತೊಳಸುತ್ತದೆ ಎನ್ನುತ್ತಿದ್ದಳು. ಸಂಜೆ ಜಗಲಿಗೆ ಬಂದು ಕೂತರೆ ಸರಿಹೋಗುತ್ತಿತ್ತು. ಕಾಕಿಗೆ ಅನುಮಾನವೇ ಬರಲಿಲ್ಲ: ಥಂಡಿ ಹಿಡಿದಿದೆ. ಜಗಲಿಗೆ ಬರುವುದನ್ನು ನಿಲ್ಲಿಸಿದರು. ಶೇಗಡಿಗೆ ಇನ್ನೊಂದು ಹಿಡಿ ಕೆಂಡ ಹಾಕಿದರು. ತಲೆನೋವು ಹೆಚ್ಚಾಯಿತು. ಕಾಕಾನ ಮೇಲೆ ಮಾತು ಬಂತು.

“ಎಲ್ಲೋ ಗಾಳಿ ಬತ್ತದೆ. ಇಲ್ದಿದ್ರೆ ಕೂಸಿನ ತಾಯಿಗೆ ಹಿಂಗ್ಯಾಕೆ ಆಗೂದು? ಊರವರ ಮನೆ ಸಂದಿ ಮುಚ್ಚೂಕೆ ಹೋಗ್ತ್ರಿ, ಮಗಳ ಕೋಣೆ ಸಮಾ ನೋಡೂಕಾಗ್ಲಿಲ್ಲ.”

ಕಾಕಾ ಆಗಲೇ ಎದ್ದು ಹೋದರು. ಮಂಚ ಸರಿಸಿ, ಮಂಡಿಯೂರಿ, ಒದ್ದೆ ಅಂಗೈಯನ್ನು ಗೋಡೆಗೆ ಹಿಡಿದು ಹುಡುಕಿದರು. ಕೊನೆಗೆ ಸಿಕ್ಕಿತು. ಮುಂದೆಂದಾದರೂ ನಲ್ಲಿ ಹಾಕಿಸೋಣವೆಂದು ಗೋಡೆಯಲ್ಲಿ ಬಿಟ್ಟಿದ್ದ ಒಂದು ಪೈಪಿನ ತೂತು, ಮೂಲೆಯಲ್ಲಿ, ನೆಲದಿಂದ ಗೇಣು ಮೇಲೆ. ಅದರಿಂದ ಸಣ್ಣಗೆ ಗಾಳಿ ಬರುತ್ತಿತ್ತು. ಮರುದಿನ ಸಂಜೆ ಡಬ್ಬಿ ತಂದು ಅದನ್ನೂ ಮುಚ್ಚಿದರು. ನಾನು ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಹೊರಗೋಡೆಯಲ್ಲಿ ನೊರೆ ಉಬ್ಬಿ, ಮೊಟ್ಟೆಯ ಹಾಗೆ ದುಂಡಗೆ ಹೊರಗೆ ಬಂದದ್ದನ್ನು ಕಂಡೆ. ಕಾಕಾ ಒಳಗಿನಿಂದಲೇ ಕೂಗಿ ಕೇಳಿದರು:

“ಬಂತಾ ಅಕ್ಕೋರೆ, ಆಚೆಗೆ?”

“ಬಂತು ಕಾಕಾ.”

“ಹಂಗಾರೆ ಗಟ್ಟಿಯಾಯ್ತು.”

ಅದರ ಮರುದಿನ ಬೆಳಗಿನಿಂದ ಕಣ್ಣು ಬಿಡಲಾಗದಷ್ಟು ಮಳೆ. ಕಾಲೇಜಿಗೆ ರಜೆ ಕೊಟ್ಟಿದ್ದರು. ಕಾಕಾನಿಗೂ ಕೆಲಸವಿರಲಿಲ್ಲ, ಜಗಲಿಯಲ್ಲಿ ಹಳೆಯ ಕೊಡೆಗೆ ಹೊಲಿಗೆ ಹಾಕುತ್ತ ಕೂತಿದ್ದರು. ಕಾಕಿ ಬೇಲಿಯ ಹತ್ತಿರ ಬಂದು ನನ್ನನ್ನು ಕರೆದರು. “ನೀ ಮನೇಲೇ ಇದ್ಯಲ. ಇವಳ ಹತ್ರ ಒಂಚೂರು ಕೂತ್ಕಾ. ಅವಳ ಸ್ನಾನ ಆಗದೆ. ನಾ ಕೂಸಿಗೆ ಮೀಸ್ಕಂಡು ಬತ್ತೆ.”

ಕೂಸಿನ ಸ್ನಾನವೆಂದರೆ ಅವಸರದ ಕೆಲಸವಲ್ಲ. ಎಣ್ಣೆ ಹಚ್ಚಿ ನೀವಿ, ಕಾಲುಗಳ ಮೇಲೆ ಬೋರಲು ಮಲಗಿಸಿಕೊಂಡು ನೀರು ಹೊಯ್ದು, ಒರೆಸಿ, ಕೈಕಾಲು ಎಳೆದು... ಕಾಕಿ ಅದನ್ನೆಲ್ಲ ಹಾಡು ಹೇಳಿಕೊಂಡು ಮಾಡುತ್ತಿದ್ದರು. ನಾನು ಒಳಗೆ ಹೋದಾಗ ಅವಳು ಕಂಬಳಿ ಹೊದ್ದು ಮಲಗಿದ್ದಳು. ಮಂಚವನ್ನು ಕಿಟಕಿಯಿಂದ ದೂರ, ಒಳಗೋಡೆಗೆ ಒತ್ತಿ ಇಟ್ಟಿದ್ದರು. ಅದರ ಕೆಳಗೆ ಕೆಂಡ ಕೆಂಪಗೆ ಇತ್ತು. ಹೊಗೆ ಇರಲಿಲ್ಲ, ಲೋಬಾನದ ವಾಸನೆ ಮಾತ್ರ. ಗಾಳಿ ಬಾಗಿಲನ್ನು ದೂಡದ ಹಾಗೆ ಎಂದಿನಂತೆ ಒಳಗಿನಿಂದ ಚಿಲಕ ಬಿತ್ತು. ಬೆಳಕಿಗಾಗಿ ನಾನು ಸ್ಟೂಲನ್ನು ಕಿಟಕಿಯ ಕೆಳಗೆ ಎಳೆದುಕೊಂಡು ಕೂತೆ. ವಾರಪತ್ರಿಕೆಯ ಧಾರಾವಾಹಿಯನ್ನು ಅವಳಿಗೆ ಓದಿ ಹೇಳುವುದು ನಮ್ಮ ರೂಢಿಯಾಗಿತ್ತು.

“ಅವ ಸತ್ನಾ, ಇನ್ನೂ ಇಲ್ವಾ?” ಎಂದು ಕೇಳಿದಳು. ಕತೆಯ ನಾಯಕ ಕೆಲವು ವಾರಗಳಿಂದ ಆಸ್ಪತ್ರೆಯಲ್ಲಿದ್ದ.

“ಇನ್ನೂ ಇಲ್ಲ. ಮುಂದಿನ ವಾರ ನೋಡ್ಬೇಕು.”

“ಸತ್ರೆ ನಂಗೆ ಹೇಳ್ಬೇಡ ಮಾರಾಯ್ತಿ. ಬಾಣಂತಿಗೆ ಸಾವಿನ ಸುದ್ದಿ ಹೇಳೂಕಾಗ ಅಂತದೆ ಆಯಿ. ಮೀನೂ ತಿನ್ನೂಕಾಗ, ಜಗಲಿಗೂ ಬರೂಕಾಗ, ಕತೇನೂ ಕೇಳೂಕಾಗ.”

ಇಬ್ಬರೂ ನಕ್ಕೆವು. ನಾನು ಓದತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ನಡುವೆ ಬಾಯಿ ಹಾಕಿದಳು. ಧ್ವನಿ ನಿದ್ದೆಯ ಧ್ವನಿ.

“ಹೊರಗೆ ಮಳೆ ಬತ್ತದೆ ಅಂತಾನೇ ಗೊತ್ತಾಗೂದಿಲ್ಲ, ಅಲ್ಲ? ಎಷ್ಟು ಬೆಚ್ಚಗದೆ. ಅಪ್ಪ ಚಲೋ ಮಾಡಿದ.”

ಆಮೇಲೆ ಅವಳು ಮಾತಾಡಲಿಲ್ಲ. ನಿದ್ದೆ ಬಂತೆಂದುಕೊಂಡು ನಾನು ನನ್ನಷ್ಟಕ್ಕೇ ಓದುತ್ತ ಕೂತೆ. ಓದಿದ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ ಎಂದು ತಿಳಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಹಣೆಯ ಎರಡೂ ಬದಿ ಯಾರೋ ಅಮುಕಿ ಹಿಡಿದ ಹಾಗೆ. ಅಕ್ಷರಗಳು ಸರಿದಾಡುತ್ತಿದ್ದವು. ಹೆದರಿಕೆಯಾಗಲಿಲ್ಲ. ಅದೇ ನನಗೆ ಇಂದಿಗೂ ಅರಗದ ಸಂಗತಿ: ಒಂದಿಷ್ಟೂ ಹೆದರಿಕೆಯಾಗಲಿಲ್ಲ. ಉಸಿರು ಕಟ್ಟಲಿಲ್ಲ, ಕೆಮ್ಮು ಬರಲಿಲ್ಲ. ಮಳೆಗಾಲದ ಹಗಲು ನಿದ್ದೆಯ ಹಾಗೆ ಒಂದು ಹಿತವಾದ ಜೋಮು. ನೀರು ಕುಡಿಯೋಣವೆಂದು ಎದ್ದೆ. ಮಂಡಿಗಳು ನನ್ನವಾಗಿರಲಿಲ್ಲ. ಬಾಗಿಲು ಅಲ್ಲೇ ಕಾಣುತ್ತಿತ್ತು, ಚಿಲಕವೂ ಕಾಣುತ್ತಿತ್ತು. ಕೈ ಚಾಚಿದೆ ಎಂದೇ ನನ್ನ ನೆನಪು, ಚಾಚಲಿಲ್ಲವೋ ಏನೋ. ಸಿಮೆಂಟಿನ ನೆಲ ಕೆನ್ನೆಗೆ ತಣ್ಣಗೆ ಹತ್ತಿದ್ದು ಗೊತ್ತಾಯಿತು. ಅದೂ ಹಿತವಾಗಿತ್ತು...

ಮುಂದಿನದು ನಾನು ಬೇರೆಯವರ ಬಾಯಿಂದ ಕೇಳಿ ಜೋಡಿಸಿಕೊಂಡದ್ದು.

ಕಾಕಿ ಮೀಸಿದ ಕೂಸನ್ನು ಪಂಚೆಯಲ್ಲಿ ಸುತ್ತಿಕೊಂಡು ಬಂದು ಬಾಗಿಲು ತಟ್ಟಿದರು. ಇಬ್ಬರೂ ನಿದ್ದೆ ಹೋದವು ಎಂದುಕೊಂಡು ಹೊರಗೇ ಕೂತು ಕೂಸಿಗೆ ಕಾಡಿಗೆ ಹಚ್ಚಿದರು. ಕೂಸು ಹಾಲಿಗೆ ಅಳತೊಡಗಿತು. ಮತ್ತೆ ತಟ್ಟಿದರು, ಕರೆದರು. ಕೂಸು ಅಷ್ಟು ಜೋರಾಗಿ ಅಳುವಾಗಲೂ ತಾಯಿ ಏಳಲಿಲ್ಲವೆಂದರೆ... ಕಾಕಾ ಕೊಡೆ ಬಿಸಾಡಿ ಬಂದರು. ಬಾಗಿಲಿಗೆ ಹೆಗಲು ಕೊಟ್ಟರು. ಅದು ಅಲುಗಲಿಲ್ಲ. ಚಿಲಕದ ಜೊತೆಗೆ ಅವರೇ ಬಡಿದ ರಬ್ಬರಿನ ಪಟ್ಟಿಯೂ ಬಾಗಿಲನ್ನು ಹಿಡಿದಿತ್ತು. ನನ್ನ ಅಪ್ಪನನ್ನೂ ಆಚೆ ಮನೆಯವರನ್ನೂ ಕೂಗಿ ಬಾಗಿಲ ಬಳಿ ಬಿಟ್ಟು, ಹಾರೆ ಹಿಡಿದು ಮಳೆಯಲ್ಲಿ ಪಡುವಣ ಬದಿಗೆ ಓಡಿದರು. ಒಂದೇ ಏಟಿಗೆ ಗಾಜು ಒಡೆಯಿತು. ಕಿಟಕಿ ತಗ್ಗಿನಲ್ಲೇ ಇತ್ತು, ಆದರೆ ಕಬ್ಬಿಣದ ಸರಳುಗಳಿದ್ದವು; ಒಳಗೆ ಹೋಗುವಂತಿರಲಿಲ್ಲ. ಮುರಿದ ಗಾಜಿನ ನಡುವೆಯೇ ಹೆಗಲವರೆಗೆ ತೋಳು ತೂರಿಸಿದರು. ಮಂಚ ಎದುರಿನ ಒಳಗೋಡೆಗಿತ್ತು. ಕೈ ಎಷ್ಟು ಚಾಚಿದರೂ ಅಲ್ಲಿಗೆ ಮುಟ್ಟುವಂತಿರಲಿಲ್ಲ. ಮುಟ್ಟುವಷ್ಟು ಹತ್ತಿರ, ಕಿಟಕಿಯ ಬುಡದಲ್ಲಿ ಬಿದ್ದಿದ್ದವಳು ನಾನು. ನನ್ನ ಜಡೆ ಸಿಕ್ಕಿತು. ಜಡೆಯನ್ನು ಹಿಡಿದು, ಆಮೇಲೆ ರಟ್ಟೆ ಹಿಡಿದು, ನನ್ನ ಮುಖವನ್ನು ಒಡೆದ ಗಾಜಿನ ಮಟ್ಟಕ್ಕೆ ಎತ್ತಿ ಸರಳಿಗೆ ಒತ್ತಿ ಹಿಡಿದರು. ಬಾಗಿಲು ಮುರಿಯುವವರೆಗೂ ಹಾಗೇ ಹಿಡಿದಿದ್ದರು.

ನನ್ನ ಮುಖದ ಮೇಲೆ ಮಳೆ ಬಿತ್ತು. ಯಾರೋ ಕೂಗುತ್ತಿದ್ದರು. ಕಣ್ಣು ಬಿಟ್ಟಾಗ ಕಂಡದ್ದು ಕಾಕಾನ ಮುಖ, ಸರಳುಗಳ ಆಚೆ, ಬಹಳ ಹತ್ತಿರ. ಅವರು ನನ್ನನ್ನು ನೋಡುತ್ತಿರಲಿಲ್ಲ. ನನ್ನ ತಲೆಯ ಮೇಲಿನಿಂದ ಒಳಗೆ ನೋಡುತ್ತಿದ್ದರು.

ಅವಳನ್ನು ಜಗಲಿಗೆ ತಂದು ಮಲಗಿಸಿದಾಗ ಮುಖ ಕೆಂಪಗೆ, ಆಗಷ್ಟೇ ಮಿಂದವಳ ಹಾಗೆ ಕಳೆಕಳೆಯಾಗಿತ್ತಂತೆ. ಅದಕ್ಕೇ ಕಾಕಿ ಟೆಂಪೋದಲ್ಲಿ ಅಂಕೋಲೆ ಮುಟ್ಟುವವರೆಗೂ ಅವಳ ಕೆನ್ನೆ ತಟ್ಟಿ ಎಬ್ಬಿಸುತ್ತಲೇ ಇದ್ದರು. ಅದೇ ಟೆಂಪೋದಲ್ಲಿ ಅಪ್ಪನ ತೊಡೆಯ ಮೇಲೆ ತಲೆ ಇಟ್ಟು ನಾನೂ ಇದ್ದೆ. ಕೂಸಿನ ಅಳು ಕೇಳುತ್ತಿತ್ತು. ಯಾರಾದರೂ ಅದಕ್ಕೆ ಹಾಲು ಕೊಡಬಾರದೇ ಎಂದುಕೊಂಡೆ.

ಆಸ್ಪತ್ರೆಯಲ್ಲಿ ನನಗೆ ಮೂಗಿನ ಮೇಲೆ ಆಮ್ಲಜನಕದ ಮುಖವಾಡ ಕಟ್ಟಿದರು. ಅವಳಿಗೆ ಏನನ್ನೂ ಕಟ್ಟಲಿಲ್ಲ.

ಡಾಕ್ಟರು ವಯಸ್ಸಾದವರು. ಕಾಕಾನನ್ನು ನನ್ನ ಮಂಚದ ಪಕ್ಕದಲ್ಲೇ ಕೂರಿಸಿ, ತೋಳಿಗೆ ಹೊಲಿಗೆ ಹಾಕುತ್ತ ಹೇಳಿದರು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಒಂದು ವಿಷಗಾಳಿ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣಿಗೆ ಉರಿಯಿಲ್ಲ, ನಿದ್ದೆಯ ಹಾಗೆ ಬರುತ್ತದೆ. ದಿನಾ ತಲೆನೋವು ಬರುತ್ತಿತ್ತೇ ಎಂದು ಕೇಳಿದರು. ಹೌದೆಂದು ಕಾಕಾ ತಲೆಯಾಡಿಸಿದರು. ಕಾರ್ಬನ್ ಮೊನಾಕ್ಸೈಡ್. ಅದರ ಸೂತ್ರ ಇಂಥದು, ಗುಣಗಳು ಇಂಥವು ಎಂದು ನಾನು ಹೈಸ್ಕೂಲಿನಲ್ಲೇ ಬಾಯಿಪಾಠ ಮಾಡಿದ್ದೆ. ಅದು ಕಾಕಿಯ ಶೇಗಡಿಯಲ್ಲಿ ಇರಬಹುದೆಂದು ಪುಸ್ತಕ ಹೇಳಿರಲಿಲ್ಲ.

ಕಾಕಾ ಒಂದೇ ಮಾತು ಕೇಳಿದರು.

“ಒಂದು ಸಂದಿ ಇದ್ದಿದ್ರೆ?”

ಡಾಕ್ಟರು ಹೊಲಿಗೆಯ ದಾರ ಕತ್ತರಿಸಿದರು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

“ಇದ್ದಿದ್ದರೆ ಹೆಚ್ಚಿನದು ಹೊರಗೆ ಹೋಗಿಬಿಡ್ತಿತ್ತು.”

ಕಾಲನಿಯಲ್ಲಿ ಜನ ಏನೇನೋ ಆಡಿಕೊಂಡರು. ಬಾಣಂತಿಗೆ ಸೋಂಕು ತಾಗಿತು ಎಂದರು. ಬಿಟ್ಟು ಬಂದ ಜಾಗದ ದೇವರಿಗೆ ಹರಕೆ ಬಾಕಿ ಇತ್ತು ಎಂದರು. ಕಾಕಾ ಯಾವುದಕ್ಕೂ ತಲೆ ಹಾಕಲಿಲ್ಲ. ಅಂಥ ಒಂದು ಕಾರಣವನ್ನು ಹಿಡಿದುಕೊಂಡಿದ್ದರೆ ಅವರಿಗೆ ಬದುಕುವುದು ಸುಲಭವಾಗುತ್ತಿತ್ತೇನೋ. ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದರು. ಕೈಯಲ್ಲಿ ಚಾಕು, ಸಣ್ಣ ಉಳಿ. ಗಾಜು ಸೀಳಿದ ಕೈಯ ಎರಡು ಬೆರಳು ಆಮೇಲೆ ಮಡಚಲು ಬರಲೇ ಇಲ್ಲ. ಎಡಗೈಯಲ್ಲಿ ಚಾಕು ಹಿಡಿದು ನಮ್ಮ ಕಿಟಕಿಗಳ ಮೇಲ್ಭಾಗದ ನೊರೆಯನ್ನು ತುಂಡು ತುಂಡಾಗಿ ಕಿತ್ತರು. ಗವಾಕ್ಷಿಗಳನ್ನು ಬಿಚ್ಚಿದರು. ಅಪ್ಪ ಸ್ಟೂಲು ಹಿಡಿದುಕೊಂಡು ನಿಂತರು.

ಹೋಗುವಾಗ ಕಾಕಾ ನನ್ನ ಮುಂದೆ ನಿಂತರು. ಅಕ್ಕೋರೆ ಎನ್ನಲಿಲ್ಲ. ಮತ್ತೆ ಎಂದೂ ಹಾಗೆ ಕರೆಯಲಿಲ್ಲ.

“ಅವಳು ಎಂತಾರೂ ಹೇಳಿದ್ಲಾ?”

ನಾನು ಅಮ್ಮನ ಮುಖ ನೋಡಿದೆ. ಅಮ್ಮ ಬೇಡವೆಂದು ಕಣ್ಣಲ್ಲೇ ಹೇಳುತ್ತಿದ್ದಳು. ಆದರೆ ಆ ಮನುಷ್ಯನಿಗೆ ನಾನು ಇನ್ನೇನು ತಾನೇ ಕೊಡಬಲ್ಲವಳಾಗಿದ್ದೆ? ಹೇಳಿದೆ. ಬೆಚ್ಚಗಿದೆ ಅಂದಳು, ಮಳೆ ಬರುವುದೇ ಗೊತ್ತಾಗುವುದಿಲ್ಲ ಅಂದಳು, ಅಪ್ಪ ಚಲೋ ಮಾಡಿದ ಅಂದಳು.

ಕಾಕಾ ಕಿತ್ತ ನೊರೆಯ ತುಂಡನ್ನು ಕೈಯಲ್ಲಿ ಒತ್ತಿ ನೋಡಿದರು.

“ಹೌದು,” ಎಂದರು. “ಕೆಲಸ ಚಲೋನೇ ಆಗಿತ್ತು.”

ಆಮೇಲೆ ಮನೆ ಮನೆಗೆ ಹೋದರು. ತಾವು ತುಂಬಿದ್ದನ್ನೆಲ್ಲ ಕೀಳುವುದೇ ಅವರ ಕೆಲಸವಾಯಿತು. ಮಳೆಗಾಲ ಇನ್ನೂ ಅರ್ಧ ಬಾಕಿ. ಕೆಲವರು ಸುಮ್ಮನೆ ಒಳಗೆ ಬಿಟ್ಟರು. ಕೆಲವರು ಸಿಡುಕಿದರು. “ಹಾಕಿದವ್ರೂ ನೀವೇ, ತೆಗೆಯೂವವ್ರೂ ನೀವೇ. ಹಾಸಿಗೆ ಒದ್ದೆಯಾದ್ರೆ ನೀವು ಬಂದು ಒರೆಸ್ತ್ರಾ ಕಾಕಾ? ನಮ್ಮನೇಲಿ ಶೇಗಡಿನೇ ಇಲ್ಲಲ!” ಎಂದು ಒಬ್ಬಾಕೆ ಬಾಗಿಲಿಗೆ ಅಡ್ಡ ನಿಂತಳು. ಕಾಕಾ ಆಕೆಯ ಅಂಗಳದಲ್ಲಿ ಮಳೆಯಲ್ಲೇ ಕೂತರು. ಆಕೆಗೆ ನೋಡಲಾಗದೆ ಬಾಗಿಲು ತೆಗೆದಳು. ಮೇಲೆ ಒಂದು ಸಂದಿ ಬಿಡಿಸಿಕೊಂಡೇ ಎದ್ದರು. ಯಾವ ಮನೆಯಲ್ಲಿ ಹೆಣ್ಣುಮಗಳು ಬಸುರಿ ಎಂದು ಕೇಳಿದರೂ ಸಾಕು, ಅಲ್ಲಿ ಕಾಕಾ ಹಾಜರು. ಕಾಲನಿಯಲ್ಲಿ ಬಾಣಂತಿಯ ಮಂಚದ ಕೆಳಗೆ ಶೇಗಡಿ ಇಡುವುದು ನಿಂತುಹೋಯಿತು. ಯಾರೂ ಸಭೆ ಮಾಡಿ ನಿಲ್ಲಿಸಿದ್ದಲ್ಲ. ಅವರ ಮುಖ ನೋಡಿದ ಮೇಲೆ ಕೆಂಡ ಹಾಕುವುದಕ್ಕೆ ಯಾರಿಗೂ ಕೈ ಬರಲಿಲ್ಲ.

ಕೂಸನ್ನು ಅಳಿಯನ ಮನೆಯವರು ಬೇಲೆಕೇರಿಗೆ ಕರೆದುಕೊಂಡು ಹೋದರು. ಕಾಕಾ ತಿಂಗಳಿಗೊಮ್ಮೆ ಹೋಗುತ್ತಿದ್ದರಂತೆ. ಎತ್ತಿಕೊಳ್ಳಿ ಎಂದರೆ ಎತ್ತಿಕೊಳ್ಳುತ್ತಿರಲಿಲ್ಲ. ಮಲಗುವ ಕೋಣೆಗೆ ಹೋಗಿ ಗೋಡೆಗಳಿಗೆ ಅಂಗೈ ಹಿಡಿದು ನೋಡಿ, “ಗಾಳಿ ಬತ್ತದಲ?” ಎಂದು ಕೇಳಿ, ಚಹಾ ಕುಡಿಯದೆ ಹಿಂದಿರುಗುತ್ತಿದ್ದರಂತೆ. ಆ ಮನೆಯವರೂ ಕೆಟ್ಟವರಲ್ಲ. ಆದರೆ ಕಾಕಾ ಬಂದುಹೋದ ದಿನ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲವೆಂದು ಕಾಕಿ ಒಮ್ಮೆ ಅಮ್ಮನ ಹತ್ತಿರ ಹೇಳಿದ್ದರು.

ಒಡೆದ ಆ ಕಿಟಕಿಗೆ ಕಾಕಾ ಮತ್ತೆ ಗಾಜು ಹಾಕಲಿಲ್ಲ. ಹಾಕಿಸಲು ಕಾಕಿಯನ್ನೂ ಬಿಡಲಿಲ್ಲ. ಅಪ್ಪ ಒಮ್ಮೆ ಪ್ಲಾಸ್ಟಿಕ್ ಹಾಳೆ ಬಡಿದು ಬಂದರೆ ಸಂಜೆಯೊಳಗೆ ಅದು ಅಂಗಳದಲ್ಲಿ ಬಿದ್ದಿತ್ತು. ಹಾಸಿಗೆಯನ್ನು ಅದೇ ಕೋಣೆಗೆ ಒಯ್ದು, ಕಿಟಕಿಯ ಬುಡದಲ್ಲೇ ಮಲಗತೊಡಗಿದರು. ಮಳೆ ಬಂದರೆ ನೆನೆಯುವರು. ಕೆಮ್ಮು ಹತ್ತಿತು, ಆಮೇಲೆ ಉಬ್ಬಸ. ಕಾಕಿ ಬೈದರು, ಅತ್ತರು, ಊಟ ಬಿಟ್ಟರು. ನನ್ನ ಬಿ.ಎಡ್. ಮುಗಿದು ನೌಕರಿ ಸಿಕ್ಕ ವರ್ಷ ಪೇಢೆ ಕೊಡಲು ಹೋದಾಗ ಗುರುತೇ ಸಿಗದಷ್ಟು ಸೊರಗಿದ್ದರು. ಎದೆ ಸಿಳ್ಳೆ ಹೊಡೆಯುವುದು ಬಾಗಿಲವರೆಗೆ ಕೇಳುತ್ತಿತ್ತು. ಪೇಢೆಯನ್ನು ಕೈಯಲ್ಲಿ ಇಟ್ಟುಕೊಂಡು, “ಸಾಲೇಲಿ ಕಿಟಕಿ ಎಲ್ಲ ಸಮಾ ಅವೆಯಾ?” ಎಂದರು. ದೊಡ್ಡ ದೊಡ್ಡ ಕಿಟಕಿಗಳು ಕಾಕಾ ಎಂದೆ. ತಲೆಯಾಡಿಸಿದರು.

ಅದರ ಮುಂದಿನ ಮಳೆಗಾಲವನ್ನು ಅವರು ದಾಟಲಿಲ್ಲ. ಸುದ್ದಿ ಬಂದಾಗ ನಾನು ಸಾಲೆಯಲ್ಲಿ ಪರೀಕ್ಷೆಯ ಮೇಲ್ವಿಚಾರಣೆಯಲ್ಲಿದ್ದೆ. ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಕಿ ಕೆಲವು ದಿನಗಳ ನಂತರ ಭಾವಿಕೇರಿಯ ತಂಗಿಯ ಮನೆಗೆ ಹೋದರು. ಆ ಮನೆಯನ್ನು ಕೊಂಡವರು ಗೋಡೆ ಒಡೆದು ಕೋಣೆಯನ್ನು ದೊಡ್ಡದು ಮಾಡಿದ್ದಾರೆ ಎಂದು ಕೇಳಿದ್ದೇನೆ. ನಾನು ನೋಡಲು ಹೋಗಿಲ್ಲ.

ಕೂಸು ಈಗ ಕಾಲೇಜಿಗೆ ಹೋಗುತ್ತದೆ. ಬೇಲೆಕೇರಿಯ ಒಂದು ಮದುವೆಯಲ್ಲಿ ದೂರದಿಂದ ಕಂಡೆ. ತಾಯಿಯದೇ ನಡಿಗೆ. ಮಾತಾಡಿಸಲು ನಾಲ್ಕು ಹೆಜ್ಜೆ ಹೋಗಿ ನಿಂತೆ. ನಾನು ಯಾರೆಂದು ಹೇಳಲಿ? ನಿನ್ನ ತಾಯಿಯ ಗೆಳತಿ ಎಂದರೆ ಅವಳು ಮುಂದಿನ ಪ್ರಶ್ನೆ ಕೇಳಿಯೇ ಕೇಳುತ್ತಾಳೆ...

ಮೊನ್ನೆ ಕಿಟಕಿಯ ಕೆಲಸದವನು ಹೋದ ಮೇಲೆ ಮಧ್ಯಾಹ್ನ ಮೊದಲ ಮಳೆ ಬಂತು. ಕೆಲಸ ಚೊಕ್ಕವಾಗಿಯೇ ಆಗಿತ್ತು. ತೆಂಗಿನ ಗರಿಗಳು ಹುಚ್ಚೆದ್ದು ಕುಣಿಯುವುದು ಗಾಜಿನಾಚೆ ಕಾಣುತ್ತಿತ್ತು, ಒಳಗೆ ಒಂದಿಷ್ಟೂ ಸದ್ದಿಲ್ಲ. ನಾನು ಒಬ್ಬಳೇ ಆ ಕೋಣೆಯಲ್ಲಿ ನಿಂತಿದ್ದೆ. ನಿಶ್ಶಬ್ದವಾದರೆ ಸಾಕು, ಆ ದಿನದ ಕೂಗು ಕೇಳತೊಡಗುತ್ತದೆ. ಕಿಟಕಿಯ ಸರಳಿಗೆ ನನ್ನ ಮುಖವನ್ನು ಒತ್ತಿ ಹಿಡಿದುಕೊಂಡು, ಹೊಸ ಗಾಳಿಯನ್ನು ನನ್ನ ಮೂಗಿಗೆ ಕೊಡುತ್ತ, ಕಾಕಾ ನನ್ನ ತಲೆಯಾಚೆ ಮಂಚದತ್ತ ನೋಡಿ ಕೂಗುತ್ತಿದ್ದರು: ತಂಗೀ, ಕಣ್ಣು ಬಿಡೇ ತಂಗೀ, ನಾ ಬಂದೆ, ಕಣ್ಣು ಬಿಡೇ... ಅವರು ಮಗಳನ್ನು ಕರೆಯುತ್ತಿದ್ದುದು ಹಾಗೆ. ನನ್ನನ್ನು ಅವರು ಎಂದೂ ಹಾಗೆ ಕರೆದವರಲ್ಲ.

ಕಣ್ಣು ಬಿಟ್ಟವಳು ನಾನು.